ಹೆಂಡತಿಯ ಕಡೆಯವರು

ಮಾವನ ಕಣ್ಣು ಹೋಗಿ ಹನ್ನೊಂದು ವರ್ಷ. ಅಷ್ಟೂ ವರ್ಷ ಅವರ ನಿಘಂಟಿಗೆ ಕಣ್ಣಾಗಿದ್ದವನು ಅಳಿಯ. ಸಂಸ್ಕೃತ, ಪರ್ಷಿಯನ್, ಗ್ರೀಕ್, ಲ್ಯಾಟಿನ್ ಭಾಷೆಗಳ ಅಪ್ಪ-ಅಮ್ಮ, ಅಣ್ಣ-ತಂಗಿ ಪದಗಳೆಲ್ಲ ಒಂದೇ ಬೇರಿನಿಂದ ಹೇಗೆ ಒಡೆದು ಬಂದವೆಂದು ಚೀಟಿ ಚೀಟಿಯಾಗಿ ಬರೆದವನು ಅವನೇ. ಆರಾಮಕುರ್ಚಿಯಲ್ಲಿ ಕೂತು ಹೂಂಗುಟ್ಟಿದ್ದು ಬಿಟ್ಟರೆ ಮಾವ ಇನ್ನೇನು ಕಡಿದು ಗುಡ್ಡೆ ಹಾಕಿದ್ದರೋ ದೇವರೇ ಬಲ್ಲ.

ಪುಸ್ತಕದ ಮೇಲೆ ಇಬ್ಬರ ಹೆಸರೂ ಇರಬೇಕೆಂದು ಹೆಂಡತಿ ಬದುಕಿದ್ದಾಗ ಅಪ್ಪನಿಂದ ಮಾತು ತೆಗೆದುಕೊಂಡಿದ್ದಳು. ಹೋದ ವರ್ಷ ಅವಳು ತೀರಿಕೊಂಡಳು. ಇವತ್ತು ಮಾವನನ್ನು ಕರೆದುಕೊಂಡು ಹೋದ ಅಚ್ಚುಮನೆಯಲ್ಲಿ ಮುಖಪುಟದ ಕೊನೇ ಪ್ರೂಫ್ ಕೈಗೆ ಬಂತು. ಮಾವನ ಹೆಸರು ಒಂದೇ ಇತ್ತು.

ಐವತ್ತರ ಹತ್ತಿರ ಬಂದ ಅಳಿಯನಿಗೆ ಹೇಳಿಕೊಳ್ಳಲು ಬೇರೆ ಏನಿತ್ತು? ನನ್ನ ಹೆಸರೆಲ್ಲಿ ಎಂದು ತಡವರಿಸಿಕೊಂಡೇ ಕೇಳಿದ. ನಿಘಂಟಿನ ಎಪ್ಪತ್ತನೇ ಪುಟ ತೆಗೆದು ಗಟ್ಟಿಯಾಗಿ ಓದಿ ಎಂದರು ಮಾವ.

ಓದಿದ. ಆ ಭಾಷೆಗಳೆಲ್ಲ ಹುಟ್ಟಿಬಂದ ಮೂಲಭಾಷೆಯಲ್ಲಿ ಗಂಡನ ಅಪ್ಪನಿಗೆ, ಗಂಡನ ತಮ್ಮನಿಗೆ, ಓರಗಿತ್ತಿಗೆ ಪದಗಳಿದ್ದವು. ಮನೆ ಬಿಟ್ಟು ಬಂದ ಸೊಸೆಗೆ ಅವು ಬೇಕಿದ್ದವು. ಹೆಂಡತಿಯ ಕಡೆಯವರಿಗೆ ಅಂಥ ಪದ ಒಂದೂ ಸಿಕ್ಕಿಲ್ಲ. ‘ಶ್ವಶುರ’ ಎಂದರೂ ಮೊದಲಿಗೆ ಗಂಡನ ಅಪ್ಪ ಮಾತ್ರ.

“ಇದನ್ನ ಬರೆದೋರು ಯಾರು?”

“ನಾನೇ, ಮಾವ.”

“ಮತ್ತೆ? ಹೆಂಡತಿ ಕಡೆಯವನು ನಾನು, ನನಗೇ ಪದ ಇಲ್ಲ. ಮಗಳಿದ್ಲು, ಅಳಿಯ ಆಗಿದ್ರಿ. ಅವಳೇ ಹೋದ್ಮೇಲೆ ನೀವು ನನಗೇನಾಗಬೇಕು? ಹೆಂಡತಿ ಸತ್ತ ಅಳಿಯನಿಗೆ ಪದ ಇದ್ರೆ ಹುಡುಕಿ ಕೊಡಿ, ಹಾಕಿಸ್ತೀನಿ.”

ಅಚ್ಚಿನ ಮೊಳೆ ಜೋಡಿಸುವವನಿಗೆ ತಮಾಷೆ ಹತ್ತಿತು. ‘ಅಳಿಯ ಅಲ್ಲ, ಮಗಳ ಗಂಡ’ ಅಂತ ಹಾಕಿಬಿಡೋಣವೇ ಸಾರ್ ಎಂದ. ಮಾವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪ್ರೂಫಿಗೆ ಸಹಿ ಹಾಕಬೇಕಲ್ಲ, ಕೈ ಚಾಚಿದರು. ಅಳಿಯ ಆ ಬೆರಳು ಹಿಡಿದು ತನ್ನ ಹೆಸರಿಲ್ಲದ ಹಾಳೆಯ ಮೇಲೆ ಸರಿಯಾದ ಜಾಗಕ್ಕೇ ಇಟ್ಟುಕೊಟ್ಟ. ಅಂಥ ಹೇಡಿ ಅವನು!

ಅಚ್ಚುಮನೆ ಮಹಡಿಯ ಮೇಲಿತ್ತು. ಮೆಟ್ಟಿಲು ಕಡಿದಾದವು, ಹಿಡಿದುಕೊಳ್ಳಲು ಏನೂ ಇಲ್ಲ. ಯಾವಾಗಲೂ ಅವನು ಒಂದು ಮೆಟ್ಟಿಲು ಮುಂದೆ ಇಳಿಯಬೇಕು, ಮಾವ ಅವನ ಭುಜದ ಮೇಲೆ ಕೈಯಿಡಬೇಕು. ಇವತ್ತು ಅವನು ಐದು ಮೆಟ್ಟಿಲು ಇಳಿದು ನಿಂತ. ಒಳಗೆ ಯಂತ್ರ ಶುರುವಾಗಿತ್ತು. ಕೂಗಿದರೂ ಒಳಗಿನವರಿಗೆ ಕೇಳುವಂತಿರಲಿಲ್ಲ. ಮೇಲೆ ಮುದುಕನ ಕೈ ಭುಜ ಹುಡುಕಿತು, ಸಿಗಲಿಲ್ಲ.

“ಅಳಿಯಂದ್ರೇ,” ಎಂದು ಕರೆದರು ಮಾವ. ಈಗ ಪದ ಸಿಕ್ಕಿತ್ತು. “ಅಳಿಯಂದ್ರೇ, ಎಲ್ಲಿದ್ದೀರಿ?”

“ಅವರ್ಯಾರೂ ಇಲ್ಲಿಲ್ಲ ಸ್ವಾಮಿ,” ಎಂದ ಅವನು. ಮಾವನ ಕಾಲು ಅಂಚಿನಾಚೆ ಮೆಟ್ಟಿಲಿಗಾಗಿ ತಡಕಾಡುವುದನ್ನು ನೋಡುತ್ತ ನಿಂತೇ ಇದ್ದ.