ಗೆರಟೆ ಸೌಟಿನೊಳಗಿನ ಖಾರ

ಒಂದು ನಿಮಿಷ ಕೂತು ಕೇಳಿ, ಎದ್ದು ಹೋಗಬೇಡಿ. ಇದನ್ನು ಯಾರಿಗಾದರೂ ಹೇಳದೆ ನನಗೆ ಸಮಾಧಾನವಿಲ್ಲ. ಹೇಳಿದರೆ ಸಮಾಧಾನ ಆಗುತ್ತದೋ, ಅದೂ ಗೊತ್ತಿಲ್ಲ.

ನಾನು ಒಂದು ಗೆರಟೆ ಸೌಟು. ತೆಂಗಿನಕಾಯಿ ತುರಿದ ಮೇಲೆ ಉಳಿದ ಚಿಪ್ಪು, ಒಲೆಗೆ ಹೋಗಬೇಕಿತ್ತು. ಸುರತ್ಕಲ್ಲಿನ ವಾರಿಜ, ಆಗಿನ್ನೂ ಹೊಸ ಮದುಮಗಳು, ಗಾಜಿನ ಚೂರಿನಿಂದ ನನ್ನ ಮೈ ಹೆರೆದು, ಎರಡು ತೂತು ಕೊರೆದು, ಬಿದಿರಿನ ಹಿಡಿ ಸಿಕ್ಕಿಸಿದಳು.

ಮಗ ಮೋನಪ್ಪ ಅನ್ನ ತಿನ್ನಲು ಕಲಿತ ವರ್ಷ ಅವಳು ಸೌತೆಕಾಯಿ ಹಾಕಿ ಕಾಯಿಹಾಲಿನ ಪದಾರ್ಥ ಮಾಡಿದಳು. ಎರಡನೇ ಸಲ ಹಿಂಡಿದ ತೆಳು ಹಾಲಿನಲ್ಲಿ ಹೋಳು ಬೇಯಬೇಕು, ಪಾತ್ರೆ ಕೆಳಗಿಳಿಸಿದ ಮೇಲೆ ದಪ್ಪ ಹಾಲು ಸುರಿದು ನನ್ನಿಂದ ಒಂದೇ ಸುತ್ತು. ಮೆಣಸು ಮಾತ್ರ ಇಲ್ಲ, ಮಗುವಿಗೆ ಖಾರ ಆಗಬಾರದಲ್ಲ! ಮೋನಪ್ಪನ ನಂತರ ಇಬ್ಬರು ತಂಗಿಯರು, ಆಮೇಲೆ ಅವರವರ ಮಕ್ಕಳು. ಮನೆಯಲ್ಲಿ ಯಾವಾಗಲೂ ಒಂದು ಎಳೆಯ ನಾಲಿಗೆ ಇದ್ದೇ ಇತ್ತು. ಮೆಣಸು ಬೀಳಲೇ ಇಲ್ಲ.

ಭಾನುವಾರ ಮಧ್ಯಾಹ್ನದ ಗಲಾಟೆ ನೀವು ನೋಡಬೇಕಿತ್ತು.

"ಅಜ್ಜಿ, ಅವನಿಗೆ ಮೂರು ಹೋಳು, ನನಗೆ ಎರಡೇ!"

"ಉಣ್ಣು ಮಾರಾಯ್ತಿ, ಪಾತ್ರೆ ಎಂತ ಓಡಿ ಹೋಗ್ತದಾ?"

ಎಲ್ಲರೂ ಉಂಡು ಎದ್ದ ಮೇಲೆ ವಾರಿಜ, ಈಗ ಎಲ್ಲರ ಅಜ್ಜಿ, ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದಳು. ಉಳಿದ ಪದಾರ್ಥ ನನ್ನೊಳಗೆ. ಅದರಲ್ಲಿ ಎರಡು ಗಾಂಧಾರಿ ಮೆಣಸು ಹೆಬ್ಬೆರಳಿನಿಂದ ನುರಿದು, ಒಂದು ಹನಿ ತೆಂಗಿನೆಣ್ಣೆ ಬಿಟ್ಟು, ಸ್ಸ್ ಸ್ಸ್ ಎಂದು ತಿನ್ನುತ್ತಿದ್ದಳು. ಕಣ್ಣಲ್ಲಿ ನೀರು, ಮುಖ ಮಾತ್ರ ಹಬ್ಬದಂತೆ!

ಒಮ್ಮೆ ನೆರೆಮನೆಯ ಕಲ್ಯಾಣಿ ನೋಡಿಬಿಟ್ಟಳು. "ಎಂತ ವಾರಿಜಕ್ಕ, ನಿಮ್ಮ ಮನೆಯಲ್ಲೇ ನೀವು ಕದ್ದು ತಿನ್ನುವುದಾ?"

"ನನಗೊಬ್ಬಳಿಗೆ ಬೇರೆ ಎಂತಕ್ಕೆ? ಸಪ್ಪೆಯೇ ನನಗೆ ಇಷ್ಟ ಅಂತ ಮಕ್ಕಳ ಮನಸ್ಸಲ್ಲಿ ಉಂಟು. ಹಾಗೇ ಇರಲಿ. ನೀನು ಬಾಯಿ ಬಿಡಬೇಡ."

ಕಲ್ಯಾಣಿ ಬಾಯಿ ಬಿಡಲಿಲ್ಲ. ನನಗೆ ಬಾಯಿಯೇ ಇಲ್ಲ.

ಹೋದ ವರ್ಷ ಅಜ್ಜಿ ಬಚ್ಚಲಲ್ಲಿ ಬಿದ್ದು ಹಾಸಿಗೆ ಹಿಡಿದಳು. ಊಟ ಸೇರುತ್ತಿರಲಿಲ್ಲ. ಮೋನಪ್ಪ ತಾನೇ ಕಾಯಿ ತುರಿದು, ಹಾಲು ಹಿಂಡಿ, ಅದೇ ಪದಾರ್ಥ ಮಾಡಿದ. ಎರಡು ತುತ್ತಿಗೆ ಅಜ್ಜಿ ಮುಖ ತಿರುಗಿಸಿದಳು. ಮರುದಿನವೂ ಅಷ್ಟೇ. "ಹಾಲು ಒಡೆಯಿತಾ? ಉಪ್ಪು ಕಡಿಮೆಯಾ?" ಎಂದು ಅವನು ಪಾತ್ರೆಯನ್ನೇ ಕೇಳುತ್ತಿದ್ದ. ಅವಳ ಕೈ ಕಡ್ಡಿಯಾಗುತ್ತಾ ಬಂತು. ಮೆಣಸು, ಮೆಣಸು ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಅಥವಾ ಅವಳಿಗೆ ನಿಜವಾಗಿಯೂ ಹಸಿವೇ ಇರಲಿಲ್ಲವೋ ಏನೋ!

ನಾಲ್ಕನೇ ದಿನ ಮೋನಪ್ಪನ ಮಗಳು ಶ್ರಾವ್ಯ ರುಚಿ ನೋಡಲು ನನ್ನನ್ನೇ ನೆಕ್ಕಿದಳು. ಹಿಡಿ ಸಿಕ್ಕಿಸಿದ ಸಂದಿನಲ್ಲಿ ಹಳೆಯ ಮೆಣಸಿನ ಬೀಜಗಳು ಕೂತಿದ್ದವು. "ಅಯ್ಯಮ್ಮಾ!" ಎಂದು ಕುಣಿದವಳು, ಹಾಗೇ ನಿಂತಳು. ಅಜ್ಜಿ ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದದ್ದು ಅವಳಿಗೆ ನೆನಪಾಗಿರಬೇಕು. ಹಿತ್ತಿಲಿಗೆ ಓಡಿ ಗಿಡದಿಂದ ಎರಡು ಗಾಂಧಾರಿ ಕಿತ್ತು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದುಕೊಂಡೇ ಕೋಣೆಗೆ ನುಗ್ಗಿದಳು.

"ಅಜ್ಜಿ, ನಿಮಗೆ ಖಾರ ಬೇಕಾ?"

ಬಟ್ಟಲು ಹಿಡಿದು ಕೂತಿದ್ದ ಮೋನಪ್ಪ ನಕ್ಕುಬಿಟ್ಟ. "ಅಮ್ಮನಿಗೆ ಖಾರವಾ? ಜನ್ಮದಲ್ಲಿ ಮೆಣಸು ಮುಟ್ಟಿದವಳಲ್ಲ! ನಮ್ಮ ಜೊತೆ ಇದನ್ನೇ ಉಂಡವಳು. ಅಲ್ವಾ ಅಮ್ಮ?"

ಅಜ್ಜಿ ಮಗನ ಮುಖ ನೋಡಿದಳು. ತುರಿಮಣೆ ತಾಗಿ ಗಾಯವಾದ ಅವನ ಬೆರಳು ನೋಡಿದಳು. ಆಮೇಲೆ ಮೊಮ್ಮಗಳ ಮುಚ್ಚಿದ ಮುಷ್ಟಿ.

"ಇದೇ ರುಚಿ, ಮಗಾ," ಎಂದು ಬಾಯಿ ತೆರೆದಳು. ಬಟ್ಟಲು ಖಾಲಿಯಾಗುವವರೆಗೆ ಉಂಡಳು. ಮೋನಪ್ಪ ಅತ್ತುಬಿಟ್ಟ. ಶ್ರಾವ್ಯಳ ಮುಷ್ಟಿ ಬಿಚ್ಚಲಿಲ್ಲ.

ಅಂದಿನಿಂದ ಅಜ್ಜಿ ದಿನಾ ಅಷ್ಟಿಷ್ಟು ಉಣ್ಣುತ್ತಾಳೆ, ಸಪ್ಪೆಯನ್ನೇ. ನಾನು ಬಿರುಕು ಬಿಟ್ಟು ಮೊಳೆಯಲ್ಲಿ ನೇತಾಡುತ್ತಿದ್ದೇನೆ. ಅವಳು ಗೆದ್ದಳೋ ಸೋತಳೋ, ನನ್ನ ತಲೆಗೆ ಹತ್ತುವುದಿಲ್ಲ. ಶ್ರಾವ್ಯಳ ಜಾಗದಲ್ಲಿ ನೀವಿದ್ದಿದ್ದರೆ ಮುಷ್ಟಿ ಬಿಚ್ಚುತ್ತಿದ್ದಿರಾ?