ಎಡ ಭುಜದ ಮೂಳೆ

ಮಾರ್ಚ್ 11, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಕಂಡಕ್ಟರಮ್ಮ ಬಸ್ ಡ್ಯೂಟಿಯ ಸಮವಸ್ತ್ರದಲ್ಲೇ ಮೂಳೆ ಪರೀಕ್ಷಿಸುವ ನಮ್ಮ ಪ್ರಯೋಗಾಲಯಕ್ಕೆ ಬಂದರು. ಅವರ ತಮ್ಮನ ಮೂಳೆಗಳು ಆರು ವರ್ಷಗಳಿಂದ ನನ್ನ ಸುಪರ್ದಿಯಲ್ಲಿದ್ದವು.

ಒಂದೇ ಗುಂಡಿಯಿಂದ ನಲವತ್ತೊಂದು ಜನರನ್ನು ಅಗೆದು ತೆಗೆದಿದ್ದೆವು. ಎಲ್ಲರೂ ಕಾಳಗದಲ್ಲಿ ಸತ್ತವರೆಂದು, ಅವರನ್ನು ಕೊಲ್ಲಿಸಿದ ಆರೋಪ ಹೊತ್ತ ಸೇನಾಧಿಪತಿಯ ವಾದ. ಕಾದು ಸಾಕಾಗಿ ನಲವತ್ತು ಮನೆಯವರು ತಮ್ಮವರ ಮೂಳೆಗಳ ಪೆಟ್ಟಿಗೆ ಒಯ್ದಿದ್ದರು. ಸಾಕ್ಷ್ಯವಾಗಿ ಉಳಿದದ್ದು ಈ ಹುಡುಗನ ಮೂಳೆಗಳು ಮಾತ್ರ. ಎಡ ಭುಜದ ಮೂಳೆಯಲ್ಲಿನ ತೂತು ನೋಡಿದರೆ ಗುಂಡು ಬೆನ್ನ ಕಡೆಯಿಂದ, ಹತ್ತಿರದಿಂದ ಬಂದದ್ದು ಗೊತ್ತಾಗುತ್ತಿತ್ತು.

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಕೀಲರು ಕುರ್ಚಿ ತೋರಿಸಿದರು.

"ವಿಚಾರಣೆ ಇನ್ನೊಂದು ವರ್ಷ ಮುಂದಕ್ಕೆ ಹೋಯ್ತಮ್ಮಾ. ದೊಡ್ಡ ದೇಶಗಳು ಕೇಳ್ಕೊಂಡಿವೆ. ಗಡೀಲಿ ಉಗ್ರರನ್ನ ತಡೀತಿರೋದು ಆ ಸೇನಾಧಿಪತೀನೇ. ಈಗ ಅವರನ್ನ ಹಿಡಿದ್ರೆ ಕಷ್ಟ."

"ನಾಲ್ಕು ವರ್ಷದಿಂದ ವಿಚಾರಣೇನ ಇದೇ ಸ್ಟಾಪಲ್ಲಿ ನಿಲ್ಲಿಸಿದೀರಿ. ಹೋಗ್ಲಿ, ನನ್ನ ತಮ್ಮನನ್ನ ಕೊಡಿ. ಅಮ್ಮ ಆಸ್ಪತ್ರೇಲಿದಾಳೆ, ಈ ವಾರ ದಾಟಲ್ಲ ಅಂದಿದಾರೆ. ಅವನನ್ನ ಮಣ್ಣು ಮಾಡಿದ್ದು ನೋಡಿ ಹೋಗ್ತೀನಿ ಅಂತ ಹಟ ಹಿಡಿದಿದಾಳೆ."

ವಕೀಲರು ಬಿಡುಗಡೆ ಪತ್ರ ಮುಂದಿಟ್ಟರು. ಸಹಿ ಬಿದ್ದರೆ ಮೂಳೆಗಳು ಮನೆಗೆ. ಆಮೇಲೆ ಅವು ಎಂದೂ ಸಾಕ್ಷ್ಯವಲ್ಲ.

ಆಕೆ ನನ್ನ ಕಡೆ ತಿರುಗಿದರು. "ಡಾಕ್ಟ್ರೇ, ಆ ಭುಜದ್ದೊಂದು ನೀವಿಟ್ಕೊಳ್ಳಿ. ಮಿಕ್ಕಿದ್ದು ನಮಗೆ ಸಾಕು."

"ಹಾಗೆ ಬರಲ್ಲಮ್ಮಾ," ಎಂದರು ವಕೀಲರು. "ಕೊಟ್ರೆ ಪೂರ್ತಿ, ಇಲ್ಲಾಂದ್ರೆ ಏನೂ ಇಲ್ಲ."

"ನಾನು ದಿನಾ ಅರ್ಧ ಟಿಕೆಟ್ ಹರೀತೀನಿ ಸಾರ್. ಇಷ್ಟು ದೊಡ್ಡ ಕೋರ್ಟಿಗೆ ಅದೂ ಬರಲ್ವಾ?"

ವಕೀಲರು ಪೆನ್ನಿನ ಮುಚ್ಚಳ ತೆಗೆದರು.

"ಡಾಕ್ಟ್ರೇ, ನೀವೇ ಹೇಳಿ. ತಮ್ಮನನ್ನ ಇಲ್ಲೇ ಬಿಟ್ಟುಹೋದ್ರೆ ಆ ಸೇನಾಧಿಪತೀನ ಕಟಕಟೆಗೆ ತರ್ತಾರಾ?"

ಗುಂಡು ಯಾವ ಕಡೆಯಿಂದ ಬಂತೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲವನಾಗಿದ್ದೆ. "ಗೊತ್ತಿಲ್ಲಮ್ಮಾ," ಎಂದೆ.

"ಹಾಗಾದ್ರೆ ಅಮ್ಮನ ಸಾವನ್ನೂ ಒಂದು ವರ್ಷ ಮುಂದಕ್ಕೆ ಹಾಕಿಸಿಕೊಡಿ ವಕೀಲರೇ. ಕಾಯ್ತೀನಿ."

ವಕೀಲರು ಪೆನ್ನನ್ನು ಆಕೆಯತ್ತ ಚಾಚಿದರು. ಆಕೆ ಸಹಿ ಹಾಕಿದರು.

ಭುಜದ ಮೂಳೆಯನ್ನು ಹತ್ತಿಯಲ್ಲಿ ಸುತ್ತಿ ಉಳಿದ ಮೂಳೆಗಳ ಜೊತೆ ಪೆಟ್ಟಿಗೆಯಲ್ಲಿಟ್ಟೆ. ರಿಜಿಸ್ಟರಿನಲ್ಲಿ ಅದರ ಸಾಲಿಗೆ ಅಡ್ಡಗೆರೆ ಎಳೆದೆ. ಆಕೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಮೆಟ್ಟಿಲಿಳಿದರು.

"ಪಾಪ," ಎಂದರು ವಕೀಲರು. ಗಡಿಯಾರ ನೋಡಿಕೊಂಡು, "ಈ ಕೋಣೆ ಇನ್ನು ನಮಗೆ ಬೇಡ. ಎಷ್ಟು ಜಾಗ ಬಿಡ್ತಿದೀವಿ ಅಂತ ಅಳೆದು ಇವತ್ತೇ ಬರೆದು ಕಳಿಸಿ."

ನಿಯಮದಂತೆ ಮೂರು ಸಲ ಅಳೆದೆ. ಪೆಟ್ಟಿಗೆಗೆ 32 ಸೆಂಟಿಮೀಟರಿನಂತೆ ನಲವತ್ತೊಂದು ಪೆಟ್ಟಿಗೆಗಳಿದ್ದ ಖಾಲಿ ಕಪಾಟುಗಳ ಒಟ್ಟು ಉದ್ದ 13.12 ಮೀಟರ್.