ನಾಬಿನ ಮೇಲಿನ ಹಸಿರು ಬಟ್ಟೆ

"ವೈರ್ ಚುಚ್ಚಿ ಭಾಯ್, ಅದೇನ್ ಕಚ್ಚಲ್ಲ," ಎಂದ ರೇಣುಕಪ್ರಸಾದ್.

ಖುದ್ದೂಸ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕಂಪ್ಯೂಟರನ್ನೇ ನೋಡುತ್ತ ಕೂತಿದ್ದ. ಪರದೆಯ ಮೇಲೊಂದು ಆಂಪ್ಲಿಫೈಯರಿನ ಚಿತ್ರ. ಕಪ್ಪು ಪೆಟ್ಟಿಗೆ, ಮುಂದೆ ಜಾಲರಿ, ಮೇಲೆ ಸಾಲಾಗಿ ಸದ್ದು ಏರಿಳಿಸುವ ನಾಬುಗಳು. ಮೌಸಿನಲ್ಲಿ ಹಿಡಿದು ಎಳೆದರೆ ಆ ನಾಬುಗಳು ನಿಜಕ್ಕೂ ತಿರುಗುತ್ತಿದ್ದವು. ಹೀಗೆ ಮುಚ್ಚುಮರೆಯಿಲ್ಲದೆ ಕಂಡಕಂಡವರ ಕಣ್ಣಿಗೆ ಬೀಳುವ ನಾಬುಗಳನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ.

ತಿಪಟೂರಿನ ಅಂಗಡಿಯಲ್ಲಿ ಹಗಲೆಲ್ಲ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಖುದ್ದೂಸ್, ಸಂಜೆಯಾದರೆ ರೇಣುಕಪ್ರಸಾದನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದ. ಅವನ ಆಂಪ್ಲಿಫೈಯರ್ ಅವನೇ ಬಿಚ್ಚಿ, ಸುಟ್ಟು, ಮತ್ತೆ ಕಟ್ಟಿದ್ದು. ಅದರ ನಾಬುಗಳ ಮೇಲೆ ಸದಾ ಒಂದು ಹಸಿರು ಬಟ್ಟೆ. ಹೆಂಡತಿ ಫಾಮಿದಾ ಅಂಚಿಗೆ ಇಲಾಸ್ಟಿಕ್ ಕೊಟ್ಟು ಹೊಲಿದಿದ್ದಳು. ಸ್ಟೇಜ್ ಹತ್ತಿದ ಮೇಲೆ ಬಟ್ಟೆಯೊಳಗೆ ಕೈ ತೂರಿಸಿ ತಿರುಗಿಸುವನೇ ಹೊರತು ಯಾರಿಗೂ ತೋರಿಸಿದವನಲ್ಲ. ಬೇರೆ ಆರ್ಕೆಸ್ಟ್ರಾದವರು ಇಣುಕಿ ಇಣುಕಿ ಸುಸ್ತಾಗಿದ್ದರು. ಸ್ಟೇಜಿನ ಪರದೆ ಸರಿಯುವ ಮುನ್ನ ಒಂದು ತಂತಿ ಮೀಟಿದರೆ ಸಾಕು, ತುರುವೇಕೆರೆ ಕಡೆಯ ಜನ "ಖುದ್ದೂಸ್ ಬಂದವ್ನೆ ಕಣ್ಲಾ" ಅನ್ನುತ್ತಿದ್ದರು. ಅವನಿಗಿದ್ದ ಆಸ್ತಿ ಅದೊಂದೇ ನಾದ.

ಈಗ ರೇಣುಕಪ್ರಸಾದ್ ಬಿಳಿಗೆರೆಯ ತನ್ನ ಮನೆಯಲ್ಲೇ ಒಂದು ಕೋಣೆಗೆ ಥರ್ಮೋಕೋಲ್ ಬಡಿದು, ಜನಪದ ಗೀತೆಗಳ ಸಿ.ಡಿ. ಮಾಡಲು ಹೊರಟಿದ್ದ. ಆದರೆ ಕೋಣೆಯ ಮೇಲೆಯೇ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಅವನ ತಾಯಿ ಭೈರಮ್ಮ ಮೊದಲ ದಿನವೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. "ಆ ಪೆಟ್ಟಿಗೆ ನಮ್ಮನೆಗೆ ತರಬ್ಯಾಡ ಕಣಪ್ಪ. ಅದು ಗುಮ್ ಅಂದ್ರೆ ಕಾಯಿ ಅದುರ್ತವೆ. ಅದುರಿದ್ ಕಾಯಿ ಕೊಳೀತವೆ." ಅದಕ್ಕೇ, ಪೆಟ್ಟಿಗೆಯಿಲ್ಲದೆ ಕಂಪ್ಯೂಟರಿನಲ್ಲೇ ಆಂಪ್ಲಿಫೈಯರಿನ ಸದ್ದು ಕೊಡುವ ಈ ಸಾಫ್ಟ್‌ವೇರು. ಬೆಂಗಳೂರಿನ ಗೆಳೆಯನೊಬ್ಬ ಎರಡು ಬಗೆಯದನ್ನು ಕೊಟ್ಟಿದ್ದ. ಯಾವುದು ಇರಬೇಕೆಂದು ಖುದ್ದೂಸ್ ಹೇಳಬೇಕಿತ್ತು.

"ನಾನ್ಯಾಕೆ? ನೀವೇ ನೋಡಿ," ಎಂದಿದ್ದ ಖುದ್ದೂಸ್.

"ಅಯ್ಯೋ, ನುಡಿಸೋರು ನೀವು. ಸಿ.ಡಿ. ಮೇಲೆ ಹೆಸರೂ ನಿಮ್ದೇ ಹಾಕಿಸ್ತೀನಿ."

ಹೆಸರು ಹಾಕಿಸುತ್ತಾನಂತೆ! ಖುದ್ದೂಸನಿಗೆ ಢೋಲಕ್ಕಿನ ವೆಂಕಟಯ್ಯ ನೆನಪಾದ. ಹೋದ ವರ್ಷ ಅವನನ್ನೂ ಇದೇ ಕೋಣೆಗೆ ಕರೆಸಿ, ಕಾಫಿ ಕೊಟ್ಟು, "ಸುಮ್ನೆ ನಾಕು ಪೆಟ್ಟು ಬಾರ್ಸು" ಎಂದು ಮೆಷಿನ್ನಿಗೆ ತುಂಬಿಕೊಂಡಿದ್ದರು. ಈಗ ಆರ್ಕೆಸ್ಟ್ರಾಕ್ಕೆ ಢೋಲಕ್ಕಿನ ಸದ್ದು ಬರುತ್ತದೆ, ವೆಂಕಟಯ್ಯ ಬರುವುದಿಲ್ಲ. ಅವನು ಮಂಡಿಯಲ್ಲಿ ಕೊಬ್ಬರಿ ಮೂಟೆ ಹೊರುತ್ತಾನೆ.

ಖುದ್ದೂಸ್ ಗಿಟಾರಿನ ವೈರನ್ನು ಕಂಪ್ಯೂಟರಿಗೆ ಚುಚ್ಚಿದ. ಮೊದಲನೆಯ ಸಾಫ್ಟ್‌ವೇರು. ಹುಡುಗಾಟಕ್ಕೆಂಬಂತೆ ಒಂದು ನಾಬು ಏರಿಸಿದ, ಒಂದನ್ನು ಇಳಿಸಿದ, ಎಕೋ ಚೂರು ಸೇರಿಸಿ ತಂತಿ ಮೀಟಿದ. ಆ ಪುಟ್ಟ ಸ್ಪೀಕರುಗಳಿಂದ ಬಂದದ್ದು ಅವನದೇ ನಾದ. ಹಸಿರು ಬಟ್ಟೆಯೊಳಗಿನದು.

"ಅಬ್ಬಾ! ಇದೇ ಇದೇ," ಎಂದು ರೇಣುಕಪ್ರಸಾದ್ ಕುರ್ಚಿಯಿಂದ ಎದ್ದೇಬಿಟ್ಟ. "ತಡೀರಿ, ಸೇವ್ ಮಾಡ್ಬುಡ್ತೀನಿ. ಆಮೇಲೆ ಒಂದ್ ಸಲ ಒತ್ತಿದ್ರೆ ಸಾಕು, ಹಿಂಗೇ ಬತ್ತದೆ."

"ಯಾರ್ ಒತ್ತಿದ್ರೂ?"

"ಯಾರ್ ಒತ್ತಿದ್ರೂ!"

ರೇಣುಕಪ್ರಸಾದ್ ಕೀಬೋರ್ಡ್ ಎಳೆದುಕೊಂಡು ಖುದ್ದೂಸನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದ. ನಾಳೆ ಯಾವನೋ ಕಾಲೇಜು ಹುಡುಗ ಬಂದು ಆ ಹೆಸರನ್ನು ಒತ್ತುತ್ತಾನೆ, ನಾನು ವೆಂಕಟಯ್ಯನ ಪಕ್ಕ ನಿಂತು ಮೂಟೆ ಎತ್ತುತ್ತೇನೆ ಎನ್ನಿಸಿದ್ದೇ, ಖುದ್ದೂಸ್ ಗಬಕ್ಕನೆ ಮೌಸು ಕಸಿದುಕೊಂಡು ನಾಬುಗಳನ್ನೆಲ್ಲ ಸೊನ್ನೆಗೆ ಇಳಿಸಿಬಿಟ್ಟ.

"ಏ, ಯಾಕ್ ಭಾಯ್?"

"ಇದು ಸರಿಯಿಲ್ಲ ಪ್ರಸಾದ್. ಇನ್ನೊಂದು ಹಾಕಿ."

ಎರಡನೆಯದು ಶುದ್ಧ ದಂಡ. ಯಾವ ನಾಬು ತಿರುಗಿಸಿದರೂ ಡಬ್ಬದೊಳಗೆ ಕಣಜ ಸಿಕ್ಕಿಕೊಂಡ ಸದ್ದು. ಖುದ್ದೂಸ್ ಅದನ್ನು ಇನ್ನಷ್ಟು ಕೆಡಿಸಿ, ಕಣ್ಣು ಮುಚ್ಚಿ ತಲೆದೂಗಿದ. "ಇದು ನೋಡಿ ನನ್ ಸೌಂಡು."

"ನಿಜವಾಗ್ಲೂ? ನನ್ ಕಿವಿಗೆ ತಗಡಿನಂಗೈತೆ."

"ನಿಮ್ ಸ್ಪೀಕರ್ ಸಣ್ಣವು. ಸಿ.ಡಿ.ನಾಗೆ ಸರಿಹೋಯ್ತದೆ."

ಬಾಗಿಲಾಚೆ ಅಟ್ಟದ ಏಣಿಯ ಬಳಿ ಭೈರಮ್ಮ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ನೋಡುತ್ತಿದ್ದಳು. ಅಲ್ಲಿಂದಲೇ ಕೂಗಿದಳು. "ಮೊದ್ಲು ಬಂತಲ್ಲ, ಅದೇ ಇಂಪಾಗಿತ್ತು ಕಣಪ್ಪ."

"ನಿಮ್ಗೆ ತಿಳಿಯಕಿಲ್ಲ ಸುಮ್ಕಿರಮ್ಮ," ಎಂದ ಖುದ್ದೂಸ್, ಬೇಕಾದ್ದಕ್ಕಿಂತ ಜೋರಾಗಿ.

ರೇಣುಕಪ್ರಸಾದ್ ಅವನ ಮುಖವನ್ನೊಮ್ಮೆ ನೋಡಿದ. "ಸರಿ ಬುಡಿ. ನೀವು ಹೇಳಿದ್ಮೇಲೆ ಮುಗೀತು," ಎಂದು ಮೊದಲನೆಯದನ್ನು ಅಳಿಸಿ, ಎರಡನೆಯದನ್ನು ಸೇವ್ ಮಾಡಿದ. ಖುದ್ದೂಸ್ ಸ್ಕೂಟರ್ ಹತ್ತಿ ತಿಪಟೂರಿಗೆ ವಾಪಸಾಗುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ. ಇಟ್ಕೋ ಮಗನೇ, ಈಗ ಎಷ್ಟು ಬೇಕಾದರೂ ಸೇವ್ ಮಾಡಿ ಇಟ್ಕೋ!

ಆದರೆ ವಾರ ಕಳೆಯುವುದರೊಳಗೆ ರೆಕಾರ್ಡಿಂಗಿಗೆ ಕರೆದದ್ದು ಅವನನ್ನೇ. ಕಾಲೇಜು ಹುಡುಗ ಯಾರೂ ಬರಲಿಲ್ಲ. ಬಂದೇ ಬರುತ್ತಾನೆ, ಸಂಚು ಇನ್ನೂ ಹೊರಗೆ ಬಿದ್ದಿಲ್ಲ ಅಷ್ಟೇ ಎಂದುಕೊಂಡು ಖುದ್ದೂಸ್ ಎಲ್ಲ ಹಾಡಿಗೂ ಆ ಕಣಜದ ಸದ್ದಿನಲ್ಲೇ ನುಡಿಸಿದ. ನುಡಿಸುವಾಗ ಹಲ್ಲು ಜುಮ್ಮೆನ್ನುತ್ತಿತ್ತು. ಹೇಳಿಬಿಡಲೇ ಎಂದು ಬಾಯಿತನಕ ಬಂದರೂ ನುಂಗಿಕೊಂಡ.

ಸಿ.ಡಿ. ಬಂದ ದಿನ ರೇಣುಕಪ್ರಸಾದ್ ಖುದ್ದಾಗಿ ಅಂಗಡಿಗೆ ಬಂದು ಅವನ ಕೈಗಿಟ್ಟ. ಹಾಡಿದವರ ಹೆಸರಿನ ಕೆಳಗೇ ದಪ್ಪಕ್ಷರದಲ್ಲಿ 'ಗಿಟಾರ್: ಖುದ್ದೂಸ್, ತಿಪಟೂರು'. ಪಕ್ಕದಲ್ಲಿ ಫೋಟೊ. ಫೋಟೊದಲ್ಲಿ ಅವನ ಹಿಂದೆ ಹಸಿರು ಬಟ್ಟೆ ಹೊದ್ದ ಆಂಪ್ಲಿಫೈಯರು.

"ಮುಂದಿನ್ ಸಿ.ಡಿ.ಗೂ ನೀವೇ ಭಾಯ್. ಪ್ರತಿ ಹಾಡಿಗೂ ನೀವು ಮೊದ್ಲಿಂದ ತಿರುಗಿಸ್ಕೊಂಡು ಕೂರಬಾರ್ದು ಅಂತ್ಲೇ ನಾನು ಸೇವ್ ಮಾಡಿದ್ದು," ಎಂದು ಹೇಳಿ, ಗಾಡಿ ಸ್ಟಾರ್ಟ್ ಮಾಡಿ ಹೊರಟುಹೋದ. ಖುದ್ದೂಸನ ಕೈಯ ಎಣ್ಣೆ ಮಸಿ ತಾಗಿ ಫೋಟೊದ ಮುಖ ಕಪ್ಪಾಯಿತು. ಒರೆಸಿದಷ್ಟೂ ಹರಡಿತು.

ಮಾರನೆಯ ವಾರ ಸುಟ್ಟುಹೋದ ಮೋಟಾರೊಂದನ್ನು ನೋಡಲು ದಬ್ಬೇಘಟ್ಟಕ್ಕೆ ಹೊರಟಿದ್ದ. ಖಾಸಗಿ ಬಸ್ಸು, ಕಾಲಿಡಲು ಜಾಗವಿಲ್ಲ. ಹೇಗೋ ಒಂದು ಸೀಟು ಸಿಕ್ಕಿತು. ಊರು ದಾಟುತ್ತಲೇ ಡ್ರೈವರು ಸಿ.ಡಿ. ಹಾಕಿದ. ಢೋಲಕ್ಕಿನ ನಾಲ್ಕು ಪೆಟ್ಟು ಮುಗಿದದ್ದೇ ಕಣಜ ಶುರುವಾಯಿತು.

"ಇದ್ಯಾವನ್ಲಾ ಇದು, ತಗಡು ಕೆರೀತಾವ್ನೆ," ಎಂದ ಮುಂದಿನ ಸೀಟಿನ ಮುದುಕ.

ಖುದ್ದೂಸ್ ಕಿಟಕಿಯ ಕಡೆ ಮುಖ ತಿರುಗಿಸಿ ತೋಟಗಳನ್ನು ನೋಡಿದ. ಆದರೆ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ರಂಗಪ್ಪ ಅವನ ಹಳೆಯ ಅಭಿಮಾನಿ, ಬಿಡುವವನೇ?

"ಏನ್ ಮಾತಾಡ್ತೀಯಜ್ಜ! ಇದು ನಮ್ ಖುದ್ದೂಸ್ ಭಾಯ್ ಗಿಟಾರು ಕಣಜ್ಜ! ಹೆಸರೇ ಹಾಕವ್ರೆ ಸಿ.ಡಿ. ಮೇಲೆ. ನೋಡ್ರಿ, ಇಲ್ಲೇ ಕೂತವ್ರೆ!"

ಬಸ್ಸಿಗೆ ಬಸ್ಸೇ ಅವನತ್ತ ತಿರುಗಿ ನೋಡಿತು. ಮುದುಕ ಪೆಚ್ಚಾಗಿ, "ಚೆನ್ನಾಗೈತೆ ಬುಡಪ್ಪ," ಎಂದ. ಖುದ್ದೂಸ್ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ನಕ್ಕ.

"ಗಲಾಟೇಲಿ ಸರಿಯಾಗಿ ಕೇಳ್ತಿಲ್ಲ, ತಡೀರಿ," ಎಂದು ರಂಗಪ್ಪ ಜನರ ನಡುವೆ ನುಗ್ಗಿ ಮುಂದಕ್ಕೆ ಹೋಗಿ, ಡ್ರೈವರಿನ ಪಕ್ಕ ಬಗ್ಗಿ, ವಾಲ್ಯೂಮಿನ ನಾಬನ್ನು ಕೊನೆಯವರೆಗೂ ತಿರುಗಿಸಿದ.